ಹೊಸ ರಾಡ್ ಬಂತು

ಕೊನೆಗೂ ಗಾಳದ ರಾಡ್ ಬದಲಾಯಿಸಿದೆ. ಹಳೆಯದು ಫೈಬರ್ ಗ್ಲಾಸ್. ಬಂಡೆಗೆ ಬಡಿದರೂ ಏನೂ ಆಗುತ್ತಿರಲಿಲ್ಲ, ಆದರೆ ಭಾರ. ಗೋವಾದ ಜುವಾರಿ ನದಿ ದಡದಲ್ಲಿ ಸಂಜೆಯೆಲ್ಲಾ ಎಸೆದರೆ ಭುಜ ಸೋತುಹೋಗುತ್ತಿತ್ತು.

ಹೊಸದು ಕಾರ್ಬನ್, 9 ಅಡಿ. ವಾಸ್ಕೋದಲ್ಲಿರುವ ನಮ್ಮ ಗದಗಿನ ಅಣ್ಣ ಮೊದಲೇ ಹೇಳಿದ್ದರು, "ಬರೇ ಉದ್ದ ನೋಡಬ್ಯಾಡೋ ತಮ್ಮಾ, ಗ್ರಾಂ ನೋಡು." ಎಷ್ಟು ಗ್ರಾಂ ತೂಕದ ಲ್ಯೂರ್ (ನಕಲಿ ಎರೆ) ಎಸೆಯಬಹುದು ಅಂತ ಹಿಡಿಕೆಯ ಮೇಲ್ಗಡೆ ಬರೆದಿರುತ್ತದೆ. ನನ್ನದರಲ್ಲಿ 10ರಿಂದ 40. ಅದಕ್ಕಿಂತ ಭಾರದ್ದನ್ನು ಜೋರಾಗಿ ಬೀಸಿದರೆ ರಾಡ್ ಮುರಿಯಬಹುದು. ತೀರಾ ಹಗುರವಾದರೆ ರಾಡ್ ಸರಿಯಾಗಿ ಬಾಗುವುದೇ ಇಲ್ಲ, ಲ್ಯೂರ್ ದೂರ ಹೋಗುವುದಿಲ್ಲ.

ಈಗ ಲ್ಯೂರ್ ಕಲ್ಲಿಗೆ ತಾಗಿತಾ, ಮರಳಲ್ಲಿ ಎಳೆಯುತ್ತಿದೆಯಾ, ಎಲ್ಲಾ ಕೈಗೇ ಗೊತ್ತಾಗುತ್ತದೆ. ಚೊಣಕ್ ಮೀನು ಸಿಗದ ಸಂಜೆಯೂ ಬೇಜಾರಿಲ್ಲ. ಕಣ್ಣಿಗೆ ಕಾಣದ ನದಿಯ ತಳ ಸ್ವಲ್ಪ ಸ್ವಲ್ಪವೇ ಪರಿಚಯ ಆಗುತ್ತಿದೆ, ಅದೂ ಒಂದು ಸಂಪಾದನೆ ಅಲ್ವಾ?

ಕಾರ್ಬನ್ ತಗೊಳ್ಳುವವರು ಒಂದು ನೆನಪಿಡಿ. ಇದರಲ್ಲಿ ಕರೆಂಟ್ ಹರಿಯುತ್ತದೆ. ಗುಡುಗು ಶುರುವಾದರೆ ರಾಡ್ ಕೆಳಗಿಟ್ಟು ದಡ ಬಿಡಿ. ಕರೆಂಟ್ ತಂತಿ ಕೆಳಗಂತೂ ಎತ್ತಲೇಬೇಡಿ. ಮನೆಗೆ ಬಂದಮೇಲೆ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ದಾರ ಹಾಯುವ ರಿಂಗುಗಳನ್ನು ತಿನ್ನುತ್ತದೆ.