ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಇವತ್ತು ಮುಗಿಯಿತು. ಅಡ್ಮಿಟ್ ಇಲ್ಲ, ವಾರ್ಡ್ ಇಲ್ಲ. ಅದು ಗೊತ್ತಿದ್ದೂ ನಾನು ಬೆಡ್‌ಶೀಟು, ಫ್ಲಾಸ್ಕು, ಎರಡು ಜೊತೆ ಬಟ್ಟೆ ಎಲ್ಲ ತುಂಬಿಕೊಂಡು ಹೋಗಿದ್ದೆ. ನರ್ಸ್ ಚೀಲ ನೋಡಿ ನಕ್ಕರು.

ಕಾದಿದ್ದೇ ಜಾಸ್ತಿ. ಪಾಪೆ ಅಗಲ ಆಗಲಿ ಅಂತ ಆಗಾಗ ಡ್ರಾಪ್ಸ್ ಹಾಕುತ್ತಾ ಕೂರಿಸಿದ್ದರು, ಬಲಗಣ್ಣಿನ ಹುಬ್ಬಿನ ಮೇಲೆ ಪೆನ್ನಲ್ಲಿ ಗುರುತು ಬೇರೆ ಮಾಡಿದ್ದರು, ಆದರೂ ಬಂದವರೆಲ್ಲ "ಯಾವ ಕಣ್ಣಮ್ಮ?" ಅಂತ ಕೇಳುವುದೇ. ನಾಲ್ಕನೇ ಸಲಕ್ಕೆ ಅಮ್ಮನಿಗೆ ರೇಗಿತು. ನನಗೆ ಮಾತ್ರ ಅದರಿಂದಲೇ ಧೈರ್ಯ ಬಂತು.

ಒಳಗಿದ್ದದ್ದು 20 ನಿಮಿಷ. 3 ಮಿಲಿಮೀಟರಿಗಿಂತ ಸಣ್ಣ ಸೀಳು, ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿ ಮಾಡಿ ಹೀರುತ್ತಾರೆ, ಮಡಚಿದ ಲೆನ್ಸ್ ಒಳಗೆ ಹೋಗಿ ತಾನೇ ಬಿಚ್ಚಿಕೊಳ್ಳುತ್ತದೆ. ಹೊಲಿಗೆಯೂ ಇಲ್ಲ! 1949ರಲ್ಲಿ ಲಂಡನ್ನಿನಲ್ಲಿ ಮೊದಲ ಲೆನ್ಸ್ ಕೂರಿಸಿದ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿಗೆ ಆ ಯೋಚನೆ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ಪೈಲಟ್‌ಗಳಿಂದಂತೆ. ಅವರ ಕಣ್ಣಿಗೆ ಹೊಕ್ಕ ವಿಮಾನದ ಪ್ಲಾಸ್ಟಿಕ್ ಚೂರು ಏನೂ ತೊಂದರೆ ಕೊಡದೆ ಸುಮ್ನೆ ಕೂತಿತ್ತು. ಎಲ್ಲಿಂದ ಎಲ್ಲಿಗೆ ಅಲ್ವಾ?

ಆದರೆ ಬೇಗ ಮನೆಗೆ ಕಳಿಸುತ್ತಾರೆ ಅಂದರೆ ವಾರ್ಡು ನಮ್ಮ ಮನೆಗೇ ಬಂತು ಅಂತ ಅರ್ಥ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಡ್ರಾಪ್ಸ್ ಚಾರ್ಟ್ ಫ್ರಿಜ್ ಮೇಲೆ ಅಂಟಿಸಿದ್ದೇನೆ. ರಾತ್ರಿ ಕಣ್ಣಿಗೆ ಶೀಲ್ಡ್ ಕಟ್ಟಬೇಕು. ಕಣ್ಣು ಉಜ್ಜಬಾರದು, ನೀರು ತಾಕಿಸಬಾರದು. ನೋವು ಜಾಸ್ತಿ ಆದರೆ, ದೃಷ್ಟಿ ಮಂಕಾದರೆ ತಕ್ಷಣ ಫೋನ್ ಮಾಡಬೇಕು.

ಈಗ ನರ್ಸ್ ನಾನೇ. ಅಮ್ಮ ಆಗಲೇ ಎರಡು ಸಲ ಕಣ್ಣಿನ ಹತ್ತಿರ ಕೈ ಒಯ್ದು ಬೈಸಿಕೊಂಡಿದ್ದಾರೆ. ಅಲಾರಂ ಹೊಡೆಯಿತು, ಡ್ರಾಪ್ಸ್ ಹಾಕಿ ಬರುತ್ತೇನೆ.