ಮಂಟಪ ಮುಳುಗಿದ ದಿನ

ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ, ತುಂಗಾ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಅದು ಮುಳುಗಿತು ಅಂದ್ರೆ ಹೊಳೆ ತುಂಬಿತು ಅಂತಲೇ ಊರಿನ ಲೆಕ್ಕ. 2024ರ ಜುಲೈನಲ್ಲಿ ಅದು ಮುಳುಗಿದಾಗ ನಾನು ಅಲ್ಲೇ ಹತ್ತಿರ, ಚಿಕ್ಕಮ್ಮನ ಮನೆಯಲ್ಲಿದ್ದೆ.

ಬೆಳಿಗ್ಗೆ ನಾನು ಏಳುವಾಗಲೇ ಚಿಕ್ಕಮ್ಮ ತೀರ್ಥಹಳ್ಳಿಯ ನೆಂಟರಿಗೆ ಫೋನ್ ಹಚ್ಚಿದ್ದರು. "ಅಲ್ಲಿ ರಾಮಮಂಟಪ ಕಾಣ್ತಿದ್ಯಾ?" ಅನ್ನೋದೇ ಮೊದಲ ಮಾತು. ಅದೂ ಇದೇ ತುಂಗೆಯೊಳಗಿನ ಕಲ್ಲಿನ ಮಂಟಪ. ಕ್ಷೇಮ ಸಮಾಚಾರ ಆಮೇಲೆ. ಆಗುಂಬೆ, ಶೃಂಗೇರಿ ಕಡೆ ಸುರಿದ ಮಳೆ ತೀರ್ಥಹಳ್ಳಿ ದಾಟಿ ಗಾಜನೂರಿಗೆ ಬರುತ್ತದೆ. ಗಾಜನೂರು ಡ್ಯಾಂ ಸಣ್ಣದು, ಹಿಡಿಯುವುದು 3.24 ಟಿಎಂಸಿ ಅಷ್ಟೆ. ಮಳೆಗಾಲದ ಶುರುವಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಕೆಳಗಿರೋದು ನಮ್ಮ ಊರು.

ಮಧ್ಯಾಹ್ನದ ಹೊತ್ತಿಗೆ ಸೇತುವೆ ಮೇಲೆ ಜನವೋ ಜನ. ಕೊಡೆ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಕೆಂಪು ನೀರು ದಡದಿಂದ ದಡಕ್ಕೆ ಹರಿಯುತ್ತಿತ್ತು. ಯಾರೋ ಹೂವು ಬಿಟ್ಟು ಕೈಮುಗಿದರು. ನನಗೂ ಎದೆ ತುಂಬಿ ಬಂತು. ವರ್ಷವಿಡೀ ಕುಡಿಯೋದು ಇದೇ ನೀರು ಅಲ್ವಾ.

ಕೇರಿಗೆ ವಾಪಸ್ ಬಂದರೆ ಬೇರೆಯೇ ಲೋಕ. ಎದುರುಮನೆಯಲ್ಲಿ ಅಕ್ಕಿ ಚೀಲ ಅಟ್ಟಕ್ಕೆ ಏರಿಸುತ್ತಿದ್ದರು. ಪಕ್ಕದ ಮನೆ ಅಜ್ಜಿ ರೇಷನ್ ಕಾರ್ಡು, ಮನೆ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ಅವರ ಮನೆಯ ಕಾಗದಪತ್ರವೆಲ್ಲ ಹಾಳಾಗಿದ್ದವು.

ಇಲ್ಲಿಯವರ ಹೆದರಿಕೆ ಹೊಳೆಗಿಂತ ಜಾಸ್ತಿ ಮೋರಿಯದು. ಮೋರಿ ನೀರು ಹೊಳೆಗೆ ಸೇರಬೇಕು. ಹೊಳೆಯೇ ಏರಿದರೆ ಅದು ಹೋಗೋದೆಲ್ಲಿಗೆ? ಹಿಂದಕ್ಕೆ ತಿರುಗಿ ಬಚ್ಚಲಿನ ತೂತಿನಿಂದ ಮನೆಯೊಳಗೆ ಏಳುತ್ತದೆ. ಹೊಳೆ ನೀರಾದರೆ ಬಾಗಿಲಿಗೆ ಅಡ್ಡ ಮರಳುಚೀಲ ಇಡಬಹುದು. ಇದಕ್ಕೆ ಏನಿಡೋದು? ಹೊಳೆ ದಂಡೆಯಲ್ಲಿ ಈಗ ಚಂದದ ಕಾಲುದಾರಿ ಆಗಿದೆ, ದೀಪ ಬಂದಿವೆ. ಸಂಜೆ ಓಡಾಡಲು ನನಗೂ ಇಷ್ಟ. ಆದರೆ ಮೋರಿ ಹೊಳೆಗೆ ಬೀಳುವ ಕಡೆ, ಹೊರಗಿನ ನೀರು ಒಳಗೆ ಬಾರದಂಥ ಬಾಗಿಲು ಕೂರಿಸುವುದು ಅದಕ್ಕಿಂತ ಮೊದಲು ಆಗಬೇಕಿದ್ದ ಕೆಲಸ. ಇದನ್ನು ಈ ಕೇರಿಯ ಹೆಂಗಸರು ಎಷ್ಟೋ ಸಲ ಹೇಳಿದ್ದಾರೆ.

ಆ ರಾತ್ರಿ ಗಂಡಸರು ಸರದಿಯಲ್ಲಿ ಎದ್ದು ಟಾರ್ಚ್ ಬಿಟ್ಟು ಮೋರಿ ನೋಡಿದರು. ನೀರು ಮೆಟ್ಟಿಲವರೆಗೆ ಬಂದು ನಿಂತಿತು. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಚಿಕ್ಕಮ್ಮ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟುಕೊಂಡು ಬಾಗಿನ ಬಿಡಲು ಹೊರಟರು. ಪಕ್ಕದ ಅಜ್ಜಿಯನ್ನೂ ಕರೆದರು.

"ನೀ ಹೋಗಿ ಬಾರೇ, ನನ್ನ ಹೆಸರಲ್ಲೂ ಒಂದು ಬಿಡು. ಗಾಜನೂರಲ್ಲಿ ಇನ್ನೂ ನೀರು ಬಿಡ್ತಿದಾರಂತೆ, ನಾ ಮನೆ ಬಿಟ್ಟು ಬರಲ್ಲ" ಅಂದರು ಅಜ್ಜಿ.