22.3 ವರ್ಷ

ಇವತ್ತು ಊಟ ಮಾಡುತ್ತಾ 'ಸೌತ್ ಪಾರ್ಕ್' ಅನ್ನೋ ಅಮೆರಿಕನ್ ಕಾರ್ಟೂನ್ ಸರಣಿಯ 2002ರ ಒಂದು ಎಪಿಸೋಡ್ ಹಾಕಿಕೊಂಡೆ. ಯಾವ ದುರಂತವಾದರೂ 22.3 ವರ್ಷ ಕಳೆದ ಮೇಲೆ ತಮಾಷೆ ಆಗುತ್ತದಂತೆ! ಹಾಗಾಗಿ ಏಡ್ಸ್ ಬಗ್ಗೆ ಇನ್ನು ನಗಬಹುದು ಅಂತ ಎಲ್ಲರಿಗೂ ಖುಷಿಯೋ ಖುಷಿ.

ಆ ಪಾಯಿಂಟ್ ಮೂರು ಇದೆಯಲ್ಲ, ನಾನು ನಕ್ಕಿದ್ದು ಅದಕ್ಕೆ. (ಅಮೆರಿಕದಲ್ಲಿ ಮೊದಲ ವರದಿ ಬಂದಿದ್ದು 1981ರಲ್ಲಿ. ಲೆಕ್ಕ ಹಾಕಿದರೆ 21 ವರ್ಷವೂ ತುಂಬಿರಲಿಲ್ಲ, ಬಿಡಿ.) ಅಲ್ಲಿ ಏಟು ಬೀಳುವುದು ರೋಗಿಗಲ್ಲ, ಕ್ಯಾಲೆಂಡರ್ ನೋಡಿಕೊಂಡು ಮರುಗುವವರಿಗೆ.

2005ರಲ್ಲಿ 'ಫ್ಯಾಮಿಲಿ ಗೈ' ಅನ್ನೋ ಇನ್ನೊಂದು ಕಾರ್ಟೂನ್ ಮಾಡಿದ್ದೇ ಬೇರೆ. ಹಾಸಿಗೆಯಲ್ಲಿ ಮಲಗಿದ ರೋಗಿಗೆ ನಿನಗೆ ಏಡ್ಸ್ ಇದೆ ಅಂತ ಕೋರಸ್‌ನಲ್ಲಿ ಹಾಡಿ ಹೇಳುತ್ತಾರೆ. ಏಡ್ಸ್ ಸಂಘಟನೆಗಳು ಪ್ರತಿಭಟಿಸಿದ್ದು ಸುಮ್ನೆ ಅಲ್ಲ. ಅಲ್ಲಿ ನಗೋದು ಯಾರನ್ನ ನೋಡಿ, ಹೇಳಿ?

ರಾಗ ಮಾತ್ರ ಸಖತ್ತಾಗಿದೆ. ಅದೇ ಬೇಜಾರು.